ಗೋದಾಮಿನ ಮೂಲೆಯ ಕೊಡ

ಅರುಣಾ,

ನೀನು ಏಳುವ ಮೊದಲೇ ಗುತ್ತಲದ ಬಸ್ಸಿಗೆ ಹೊರಟಿದ್ದೇನೆ. ನಿನ್ನೆಯ ನನ್ನ ಅಂಗಿ, ಧೋತರ ಹಿತ್ತಲ ತಂತಿಯ ಮೇಲಿವೆ. ನಿಮ್ಮ ಅತ್ತೆ ಅವನ್ನು ಬಕೆಟ್ಟಿನಲ್ಲಿ ನೆನೆಸಲು ಬಂದರೆ ಬಿಡಬೇಡ. ಗುಳಿಗೆಯ ಪುಡಿ ಹತ್ತಿದ ಬಟ್ಟೆ ಮೊದಲು ಚೆನ್ನಾಗಿ ಗಾಳಿಯಾಡಬೇಕು ಎಂದು ಕಂಪನಿಯ ಹಾಳೆ ಓದಿ ಹೇಳಿದವಳು ನೀನೇ. ಅವಳು ನನ್ನ ಮಾತು ಕೇಳುವುದಿಲ್ಲ, ನಿನ್ನದು ಕೇಳುತ್ತಾಳೆ.

ನಿನ್ನೆ ಗೋದಾಮಿನಲ್ಲಿ ಹಮಾಲ ಯಲ್ಲೇಶನ ಕೈಜಾರಿ, ಗೋವಿನಜೋಳದ ಚೀಲಗಳಿಗೆ ಹುಳ ಹತ್ತದಂತೆ ಇಡುವ ಗುಳಿಗೆಯ ಡಬ್ಬಿ ಚೆಲ್ಲಿತು. "ನೀರು ಹಾಕಿ ತೊಳಿತೇನ್ರಿ" ಎಂದ. ನನ್ನ ಕೈಯೂ ಮೂಲೆಯ ಕೊಡಕ್ಕೇ ಹೋಯಿತು. ಕೊಡ ಅಲ್ಲಿರಲಿಲ್ಲ.

ಹೋದ ವಾರ ನೀನು ಅದನ್ನು ಹೊರಗಿಟ್ಟಾಗ ನಾನು ಎಷ್ಟು ರೇಗಿದ್ದೆ! ಡಬ್ಬಿಯ ಮೇಲೆ ಬೆಂಕಿಯ ಚಿತ್ರ ನೋಡಿ, ದೊಡ್ಡ ಜಾಣನಂತೆ ಪಕ್ಕದಲ್ಲೇ ನೀರಿಟ್ಟವನು ನಾನು. ನೀನು ಕಂಪನಿಯ ಹಾಳೆ ಹಿಡಿದು, "ಮಾವಾರ, ಇದಕ್ಕ ನೀರು ಹತ್ತಿದ್ರನ ವಿಷದ ಗಾಳಿ ಏಳತೈತ್ರಿ, ಬೆಂಕಿನೂ ಹತ್ತತೈತಿ" ಎಂದೆ. "ಹಾಳಿ ಓದಿ ಗೋದಾಮು ನಡಸಾಕ ಬರೂದಿಲ್ಲ" ಎಂದು ನಾನು ಬೈದಿದ್ದೆ.

ಖಾಲಿ ಮೂಲೆ ಕಂಡಾಗ ನಿನ್ನ ಮಾತು ನೆನಪಾಯಿತು. ಒಳಗಿದ್ದ ಆರೂ ಮಂದಿ ಹಮಾಲರನ್ನು ಹೊರಗೆ ಕಳಿಸಿ, ಗುಳಿಗೆ ಇಡುವವರಿಗೆ ಫೋನ್ ಮಾಡಿದೆ. ಅವರು ಮುಖವಾಡ ಹಾಕಿಕೊಂಡು ಬಂದು ಒಣದಾಗಿಯೇ ಬಳಿದೊಯ್ದರು.

ಆ ಹಾಳೆಯ ಮಾತು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿಡು. ಗೋದಾಮಿನ ಬಾಗಿಲಿಗೆ ನಾನೇ ಅಂಟಿಸುತ್ತೇನೆ.

ರಾತ್ರಿ ಊಟದಲ್ಲಿ ಇದನ್ನೆಲ್ಲ ಹೇಳಬೇಕೆಂದಿದ್ದೆ. ನೀನು ನೀರಿನ ತಂಬಿಗೆ ಮುಂದಿಟ್ಟೆ, ನಾನು ನೀರು ಕುಡಿದು ಎದ್ದುಬಿಟ್ಟೆ.

ಇವತ್ತು ಯಲ್ಲೇಶನ ಹೆಂಡತಿ ನಿನ್ನನ್ನು ನೋಡಲು ಬರುತ್ತಾಳೆ, ಚಹಾ ಕೊಡು. "ಕೊಡ ಸರಿಸಿದಾರು ಯಾರ್ರಿ?" ಎಂದು ನಿನ್ನೆ ಕೇಳಿದಳು.

"ನನ್ನ ಸೊಸಿ" ಎಂದೆ.

ನಿನ್ನ ಮಾವ,
ಪ್ರಭುಲಿಂಗಪ್ಪ