ಒಳಗೆ ಬಿಟ್ಟ ಬಟ್ಟೆ

ಫೆಬ್ರವರಿ 8, ಶನಿವಾರ. ಮಧ್ಯಾಹ್ನ 3

ಬೆಳಗಿನಿಂದ ಹನ್ನೊಂದು ಪ್ಯಾಂಟು. ಎಲ್ಲವೂ ಉದ್ದ ಕಡಿಮೆ ಮಾಡುವುದೇ. ಕಂಪನಿಯವರು ಅಂದುಕೊಂಡಷ್ಟು ಉದ್ದ ಕಾಲು ಈ ಊರಿನಲ್ಲಿ ಯಾರಿಗೂ ಇಲ್ಲ. ರೆಡಿಮೇಡ್ ಅಂಗಡಿಯ ಮೆಟ್ಟಿಲ ಕೆಳಗೆ ನಾನು, ಮಷೀನು, ಇಸ್ತ್ರಿ ಮೇಜು. ಎದ್ದು ನಿಂತರೆ ತಲೆ ಬಡಿಯುತ್ತದೆ. ಹದಿನಾಲ್ಕು ವರ್ಷವಾಯಿತು, ಇನ್ನೂ ಬಡಿದುಕೊಳ್ಳುತ್ತೇನೆ.

ಊಟದ ಬಿಡುವಿನಲ್ಲಿ ಚೋಟಿಯ ಫ್ರಾಕು ಮುಗಿಯಿತು. ಹಳದಿ ಹತ್ತಿ, ಬಿಳಿ ಚುಕ್ಕೆ. ಹುಟ್ಟಿದಾಗ ಚೋಟುದ್ದ ಇದ್ದಳು, ಅದಕ್ಕೆ ಚೋಟಿ. ಈಗ ಎರಡು ವರ್ಷ. ಎರಡು ವಾರಕ್ಕೊಂದು ಭಾನುವಾರ ಮಗಳು ನನ್ನ ಪಾಲಿಗೆ — ಹತ್ತರಿಂದ ನಾಲ್ಕು. ಹಾಗೆಂದು ಅವಳಮ್ಮನೂ ನಾನೂ ಸಹಿ ಹಾಕಿದ್ದೇವೆ.

ಕೌಂಟರಿನ ಅಕ್ಕ ಫ್ರಾಕನ್ನು ಎತ್ತಿ ಹಿಡಿದರು. "ಜೀವಮಾನವೆಲ್ಲ ಗಂಡಸ್ರ ಪ್ಯಾಂಟು ಹೊಲ್ದೋರು. ಇದೆಲ್ಲ ಬರುತ್ತೇನ್ರೀ ನಿಮ್ಗೆ?"

"ಬಟ್ಟೆ ಬಟ್ಟೇನೇ ಅಕ್ಕ." ಗತ್ತಿನಿಂದ ಹೇಳಿದೆ.

ಫೆಬ್ರವರಿ 9, ಭಾನುವಾರ. ಸಂಜೆ 5

ತಲೆ ತೂರಲಿಲ್ಲ.

ಪಾರ್ಕಿನ ಬೆಂಚಿನ ಮೇಲೆ ನಿಲ್ಲಿಸಿ, ಹಾಕಿದ್ದ ಬನಿಯನ್ನಿನ ಮೇಲೆಯೇ ತೊಡಿಸಲು ಹೋದೆ. ಹಣೆಯ ತನಕ ಬಂದು ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಒಳಗಿನಿಂದ ಕಿರುಚಾಟ. ವಾಕಿಂಗ್ ಬಂದ ಹೆಂಗಸೊಬ್ಬರು, "ಮಗು ಯಾರ್ದು?" ಎಂದು ಕೇಳಿಯೇಬಿಟ್ಟರು. ಮೈಗಿಂತ ತಲೆ ದೊಡ್ಡದಿರುವ ಗಿರಾಕಿಯನ್ನು ನಾನು ಕಂಡಿದ್ದೇ ಇಲ್ಲ. ಜೇಬಿನ ಕತ್ತರಿಯಿಂದ ಬೆನ್ನಿನ ಕಡೆ ಸೀಳಿ ಬಿಡಿಸಿದೆ. ಹೊರಗೆ ಬಂದ ಮುಖ ಕೆಂಪಗೆ, ಮೂಗೆಲ್ಲ ಸುರಿಯುತ್ತಿತ್ತು... ನನ್ನನ್ನು ನೋಡಿ ನಕ್ಕಳು.

ಆಮೇಲೆ ಕೆರೆಗೆ ಹೋದೆವು, ಬಾತುಕೋಳಿ ತೋರಿಸಲು. ಅವಳು ನೋಡಿದ್ದು ಚರಂಡಿಯ ಜಾಲರಿ. ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಲ್ಲು ಹಾಕಿದಳು. ಪ್ರತಿ ಕಲ್ಲಿಗೂ, "ಹೋತು." ನಾನೂ ಹೇಳಬೇಕು, "ಹೋತು." ಹೇಳಿದೆ. ಒಂದು ವಾರದಲ್ಲಿ ಅಷ್ಟು ಮಾತು ಆಡಿರಲಿಲ್ಲ.

ಪಕ್ಕದಲ್ಲಿ ನಿಂತರೆ ಅವಳ ತಲೆ ನನ್ನ ಪ್ಯಾಂಟಿನ ಜೇಬಿನ ಬಾಯಿಯ ಕೆಳತುದಿಗೆ ಬರುತ್ತದೆ. ಬರೆದಿಟ್ಟುಕೊಂಡಿದ್ದೇನೆ.

ಫೆಬ್ರವರಿ 23, ಭಾನುವಾರ

ಕೆಟ್ಟ ಮೇಲೆ ಬುದ್ಧಿ. ಸೀಳಿದ ಕಡೆ ಪಟ್ಟಿ ಕೊಟ್ಟು, ಬೆನ್ನಿಗೆ ಎರಡು ಲಾಡಿ ಇಟ್ಟೆ. ಅಂಚಿನ ಒಳಗೆ ಅರ್ಧರ್ಧ ಇಂಚಿನ ಎರಡು ಮಡಿಕೆ. ಬೆಳೆದಂತೆ ಒಂದೊಂದೇ ಬಿಚ್ಚಬಹುದು. ಎಲ್ಲ ಅಮ್ಮಂದಿರೂ ಕೇಳುವುದು ಅದನ್ನೇ — ಬೆಳೆಯೋ ಮಗು, ಒಳಗೆ ಸ್ವಲ್ಪ ಬಟ್ಟೆ ಬಿಡಿ.

ನಾಲ್ಕಕ್ಕೆ ಬಸ್ ಸ್ಟ್ಯಾಂಡಿನ ಗಡಿಯಾರದ ಕೆಳಗೆ ಅವಳಮ್ಮನಿಗೆ ಕವರು ಕೊಟ್ಟೆ. "ಫ್ರಾಕು. ಒಳಗೆ ಬಟ್ಟೆ ಬಿಟ್ಟಿದೀನಿ."

"ಸರಿ," ಎಂದಳು. ಬ್ಯಾಗಿಗೆ ಹಾಕಿಕೊಂಡಳು. ಅಷ್ಟೇ.

ಮಾರ್ಚ್ 9, ಭಾನುವಾರ

ಚೋಟಿ ಬಂದದ್ದು ಗುಲಾಬಿ ಬಣ್ಣದ ರೆಡಿಮೇಡಿನಲ್ಲಿ. ಎದೆಯ ಮೇಲೆ ಮಿಣಮಿಣ ಬೆಕ್ಕು.

ಮಾರ್ಚ್ 23, ಭಾನುವಾರ

ಅದೇ ಬೆಕ್ಕು.

ಕೇಳಬಹುದಿತ್ತು. ಕೇಳದೆ ಇರುವುದರಲ್ಲಿ ನಾನು ಪಂಡಿತ. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಬಾರದವನಿಗೂ ಇಲ್ಲ, ನಮ್ಮ ಮನೆಯಲ್ಲಿ ಒಂದು ದಿನವೂ ಜಗಳ ಆಗಲಿಲ್ಲ. "ಗೋಡೆ ಜೊತೆ ಸಂಸಾರ ಮಾಡಿದ ಹಾಗಿದೆ ನಂಗೆ," ಎಂದು ಹೇಳಿ ಅವಳು ಹೊರಟಾಗಲೂ ನಾನು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದೆ.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 11

ಜ್ವರವಂತೆ. ಬರಲಿಲ್ಲ. ಕೆರೆಯ ತನಕ ಒಬ್ಬನೇ ಹೋಗಿ ಬಂದೆ. ಜಾಲರಿಗೆ ಒಂದು ಕಲ್ಲು ಹಾಕಿದೆ, ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡು.

ಮೇ 4, ಭಾನುವಾರ

ಮಾಲಿನಲ್ಲಿ ಎಸ್ಕಲೇಟರು. ಹತ್ತಿದ್ದು ಒಂಬತ್ತು ಸಲ. ಇನ್ನೊಂದು ಫ್ರಾಕು ಹೊಲಿದು ತಂದಿದ್ದೆ, ಕೊಡಲಿಲ್ಲ. ಹಾಕದವರಿಗೆ ಯಾಕೆ ಕೊಡಬೇಕು? ವಾಪಸ್ ತಂದು ಮಷೀನಿನ ಡ್ರಾಯರಿನಲ್ಲಿ ಇಟ್ಟೆ. ಕೋಪದಲ್ಲಿ ಕೊಯ್ದ ಮೂಗು ಮಾತ್ರ ನನ್ನದೇ.

ಜುಲೈ 13, ಭಾನುವಾರ. ಸಂಜೆ 6

ನಿಧಾನವಾಗಿ ಬರೆಯಬೇಕು.

ಪಾರ್ಕಿನಲ್ಲಿ ಕಾರಂಜಿ ಬಿಟ್ಟಿದ್ದರು. ನಾನು ಹಿಡಿಯುವುದರೊಳಗೆ ಒಳಗೆ ನುಗ್ಗಿದಳು. ತೊಪ್ಪೆಯಾದಳು. ಅವಳ ಜೊತೆ ಬರುವ ಬ್ಯಾಗಿನಲ್ಲಿ ಬೇರೆ ಬಟ್ಟೆ ಹುಡುಕಿದೆ. ತಳದಲ್ಲಿ ಹಳದಿ ಫ್ರಾಕು.

ಗುರುತೇ ಹತ್ತಲಿಲ್ಲ. ಹಳದಿ ಹೋಗಿ ಬೆಣ್ಣೆಯ ಬಣ್ಣವಾಗಿದೆ. ಒಂದು ಲಾಡಿ ಕಿತ್ತು ಹೋಗಿ ಅಲ್ಲಿ ಬೇರೆ ಟೇಪು. ಅಂಚು ತಿರುಗಿಸಿ ನೋಡಿದೆ. ಎರಡು ಮಡಿಕೆಯೂ ಬಿಚ್ಚಿದೆ. ಒಳಗಿದ್ದ ಬಟ್ಟೆಗೆ ಬಿಸಿಲು ತಾಗಿರುವುದಿಲ್ಲ, ಬಿಚ್ಚಿದರೆ ಗಾಢವಾದ ಪಟ್ಟೆ ಕಾಣುತ್ತದೆ. ಒಂದು ಪಟ್ಟೆ ಸ್ವಲ್ಪ ಮಾಸಿದೆ, ಬಿಚ್ಚಿ ಎರಡು ತಿಂಗಳಾದರೂ ಆಗಿರಬೇಕು. ಇನ್ನೊಂದು ಹೊಸ ಹಳದಿ, ಮೊನ್ನೆ ಮೊನ್ನೆ ಬಿಚ್ಚಿದ್ದು. ಹೊಲಿಗೆ ಓದುವುದು ನನ್ನ ಕಸುಬು, ತಪ್ಪಿರಲಾರೆ.

ಮತ್ತೆ ಅಂಚು ಮಡಚಿದ್ದು ಕೈಹೊಲಿಗೆ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಬಿಳಿ ದಾರ. ಒಂದು ಕಡೆ ಸಣ್ಣ ಕಂದು ಚುಕ್ಕೆ, ರಕ್ತದ್ದು. ಅವಳಮ್ಮನದೇ ಕೈ, ಶರ್ಟಿನ ಗುಂಡಿ ಹಾಕುವಾಗ ಬೆರಳು ಚುಚ್ಚಿಕೊಂಡು ನನ್ನ ಮೇಲೆ ರೇಗುತ್ತಿದ್ದವಳು.

ನಾಲ್ಕಕ್ಕೆ ಗಡಿಯಾರದ ಕೆಳಗೆ ಬಾಯಿ ಬಿಟ್ಟೆ. "ಈ ಫ್ರಾಕು..."

"ಅಯ್ಯೋ, ಮನೇಲಿ ಅದೊಂದೇ ಹಾಕ್ಕೊಳ್ಳೋದು. ಬಿಚ್ಚಿದ್ರೆ ರಂಪ. ಒಗೆದು ಹಾಕಿದ್ರೆ ಒಣಗೋವರೆಗೂ ಹಗ್ಗದ ಕೆಳಗೇ ನಿಂತಿರ್ತಾಳೆ. ಹಳೇದು ಹಾಕಿ ಹೊರಗೆ ಕಳಿಸೋದು ಹೇಗೆ ಅಂತ ಭಾನುವಾರ ಹೊಸದು ಹಾಕ್ತಿದ್ದೆ." ಫ್ರಾಕಿನ ಅಂಚು ಮುಟ್ಟಿ ನೋಡಿ, "ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ," ಎಂದಳು.

ಇನ್ನೊಂದಿದೆ, ಡ್ರಾಯರಿನಲ್ಲಿದೆ ಎಂದು ಹೇಳಬೇಕಿತ್ತು. ಬಸ್ಸು ಬಂತು.

ಜುಲೈ 27, ಭಾನುವಾರ

ಅವಳಮ್ಮನಿಗೆ ಟ್ರಾನ್ಸ್‌ಫರ್. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಮುಂದಿನ ಸಲವೇ ಕೊನೆಯ ಭಾನುವಾರ. "ರಜೆಗೆ ಕರ್ಕೊಂಡು ಬರ್ತೀನಿ. ಆದರೆ ಇಷ್ಟು ಚಿಕ್ಕ ಮಕ್ಕಳು ಮರೀತಾರೆ... ನಿಮಗೆ ಸುಳ್ಳು ಹೇಳಲ್ಲ," ಎಂದಳು.

ಹೂಂ ಅಂದೆ. ಹೂಂ ಅನ್ನಲು ಬಾಯಿ ಎಷ್ಟು ಚೆನ್ನಾಗಿ ಬರುತ್ತದೆ.

ಆಗಸ್ಟ್ 9, ಶನಿವಾರ. ಮಧ್ಯಾಹ್ನ 2

ಡ್ರಾಯರಿನ ಫ್ರಾಕು ಬಿಚ್ಚಿ ಪುನಃ ಕೂಡಿಸಿದೆ. ಕೆಳಗೆ ಉದ್ದನೆಯ ತುಂಡು ಸೇರಿಸಿ ಐದು ಮಡಿಕೆ ಇಟ್ಟೆ. ಅಂಚು ಹಲಗೆಯ ಹಾಗೆ ನಿಂತಿದೆ. ಗಿರಾಕಿ ಯಾರಾದರೂ ಇಂಥದ್ದು ಕೇಳಿದ್ದರೆ ಬೈದು ಕಳಿಸುತ್ತಿದ್ದೆ. ಕೌಂಟರಿನ ಅಕ್ಕ ಇಸ್ತ್ರಿ ಮೇಜಿನ ಹತ್ತಿರ ಬಂದು ನೋಡಿದರು. ಈ ಸಲ ಏನೂ ಅನ್ನಲಿಲ್ಲ. ಅದಕ್ಕೇ ಅಳು ಬಂತು.

ಆಗಸ್ಟ್ 10, ಭಾನುವಾರ. ಸಂಜೆ 5

ಹತ್ತಕ್ಕೆ ಚೋಟಿಯನ್ನು ಬಿಟ್ಟು ಅವಳಮ್ಮ ಹೋಗಲಿಲ್ಲ. "ಇವತ್ತು ನಾನೂ ಬರ್ಲಾ?" ಎಂದಳು. ಮೂವರೂ ಒಟ್ಟಿಗೆ ಹೋದೆವು. ನಮ್ಮ ಮೊದಲ ಫ್ಯಾಮಿಲಿ ಔಟಿಂಗ್. ಒಬ್ಬೊಬ್ಬರ ಕೈಗೆ ಒಂದೊಂದು ಕೈ ಕೊಟ್ಟು ಚೋಟಿ ನಡುವೆ ಜೋತು ಬಿದ್ದಳು. ನೋಡಿದವರು ಏನೆಂದುಕೊಂಡರೋ, ಅಂದುಕೊಳ್ಳಲಿ. ಎರಡು ಫರ್ಲಾಂಗು ನಾನೂ ಹಾಗೇ ಅಂದುಕೊಂಡೆ.

ಜಾಲರಿಯ ಹತ್ತಿರ ಕೂತು ಕವರು ಕೊಟ್ಟೆ. ಅವಳಮ್ಮ ಫ್ರಾಕು ತೆಗೆದು ಅಂಚಿನ ಮಡಿಕೆಗಳನ್ನು ಬೆರಳಿನಲ್ಲಿ ಎಣಿಸಿದಳು. "ಐದಾ?"

"ಬೆಳೀತಾಳಲ್ಲ."

"ಉದ್ದಕ್ಕೆ ಸರಿ. ಅಗಲಕ್ಕೇನು ಮಾಡ್ತೀರಿ?"

ದರ್ಜಿಯ ಹೆಂಡತಿಯಾಗಿದ್ದವಳು, ಗೊತ್ತಾಗದೆ ಇರುತ್ತದೆಯೇ. ಚೋಟಿಯ ಹತ್ತು ಕಲ್ಲು ಜಾಲರಿಗೆ ಹೋದವು. ಆಮೇಲೆ ಒಂದೇ ಉಸಿರಿಗೆ, "ನಂಗೆ ಅವಳ ಅಳತೆ ಬೇಕು. ತಿಂಗ್ಳಿಗೊಂದು ಸಲ. ನಾನು ಹೊಲಿದು ಕಳಿಸ್ತೀನಿ. ಬೇಡ ಅನ್ಬೇಡ."

ಅವಳು ನನ್ನನ್ನೇ ನೋಡಿದಳು. "ಇಷ್ಟು ಉದ್ದದ ಮಾತು ನಿಮ್ಮ ಬಾಯಲ್ಲಿ ಕೇಳಿರಲಿಲ್ಲ," ಎಂದಳು. ಆಮೇಲೆ, "ನಂಗೆ ಟೇಪು ಹಿಡಿಯೋಕೆ ಬರಲ್ಲ ಕಣ್ರೀ."

ಜೇಬಿನಲ್ಲಿದ್ದ ದಾರದ ಉಂಡೆ ಕೊಟ್ಟೆ. "ದಾರ ಇಡು. ಎಲ್ಲಿಗೆ ಬರುತ್ತೋ ಅಲ್ಲಿಗೆ ಒಂದು ಗಂಟು ಹಾಕು. ಅಷ್ಟೇ."

ಬಸ್ಸಿನ ಕಿಟಕಿಯಿಂದ ಚೋಟಿ ಕೈ ಆಡಿಸುತ್ತಾ, "ಹೋತು," ಎಂದಳು. ನಾನೂ ಹೇಳಬೇಕಿತ್ತು.

ಆಗಸ್ಟ್ 24, ಭಾನುವಾರ

ಹತ್ತು ಗಂಟೆಗೆ ಗಡಿಯಾರದ ಕೆಳಗೆ ಹೋಗಿ ನಿಂತಿದ್ದೆ. ಕಾಲಿಗೆ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಪೋಸ್ಟ್ ಇಲ್ಲ. ಹೊಸ ಊರು, ಹೊಸ ಕೆಲಸ, ಅವಳಿಗೂ ಪುರುಸೊತ್ತು ಇರುವುದಿಲ್ಲ. ಹೀಗೆಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನೀಲಿ ಬಟ್ಟೆ ತಂದಿಟ್ಟಿದ್ದೇನೆ. ಅಳತೆ ಇಲ್ಲದೆ ಕತ್ತರಿ ಹಾಕಲಾರೆ.

ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ 11

ಕವರು. ಅಂಗಡಿಯ ವಿಳಾಸಕ್ಕೆ. ಎದ್ದು ನಿಂತೆ, ತಲೆ ಬಡಿಯಿತು.

ನಾಲ್ಕು ದಾರ. ಒಂದೊಂದಕ್ಕೂ ಚೀಟಿ ಕಟ್ಟಿದ್ದಾಳೆ. ನನ್ನ ಟೇಪಿಗೆ ಹಿಡಿದು ನೋಡಿದೆ. ಎದೆ — ಇಪ್ಪತ್ತೊಂದು ಇಂಚು. ಭುಜ — ಒಂಬತ್ತು. ಫ್ರಾಕಿನ ಉದ್ದ — ಹತ್ತೊಂಬತ್ತೂವರೆ. ಗಂಟುಗಳು ದಪ್ಪ, ಒಂದರ ಮೇಲೊಂದು ಮೂರು ಸಲ ಹಾಕಿದ್ದಾಳೆ, ಜಾರದಿರಲಿ ಎಂದು.

ನಾಲ್ಕನೆಯದು ತುಂಬ ಉದ್ದ. ಹೊಲಿಗೆಗೆ ಬೇಕಿಲ್ಲದ ಅಳತೆ. ಚೀಟಿಯಲ್ಲಿ — ಇದು ಪೂರ್ತಿ ಚೋಟಿ. ನಿಲ್ಲಿಸಿ ಅಳೆಯುವಾಗ, ಇದು ಅಪ್ಪನಿಗೆ ಕಳಿಸೋಕೆ ಅಂದೆ. ಅಲುಗಾಡದೆ ನಿಂತಳು.

ಮೆಟ್ಟಿಲ ಕೆಳಗಿನಿಂದ ಹೊರಗೆ ಬಂದು ನೆಟ್ಟಗೆ ನಿಂತೆ. ಒಂದು ತುದಿಯನ್ನು ಕಾಲಿನ ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿದು ದಾರವನ್ನು ಮೇಲಕ್ಕೆ ಎಳೆದೆ. ಜೇಬಿನ ಬಾಯಿಯ ಕೆಳತುದಿ ದಾಟಿದೆ. ಬಾಯಿಯ ಅರ್ಧವನ್ನೂ ದಾಟಿದೆ. ಗಂಟಿನ ಮೇಲೆ ಅಂಗೈ ಇಟ್ಟೆ, ಮೆಲ್ಲಗೆ. ಕೌಂಟರಿನ ಅಕ್ಕ ಕೂಗಿದರು, ಗಿರಾಕಿ ಕಾಯ್ತಿದ್ದಾರೆ ಅಂತ. ಬಂದೆ ಅಂದೆ. ಕೈ ತೆಗೆಯಲು ಮನಸ್ಸಾಗಲಿಲ್ಲ.