ಚೀಲದ ಇನ್ನೊಂದು ಹಿಡಿಕೆ

ಅಪ್ಪ,

ನಿಮ್ಮ ವಿಳಾಸ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಡಾಕ್ಟರು ಅಮ್ಮನ ರಿಪೋರ್ಟ್ ನೋಡಿ, ಇನ್ನು ನೋವನ್ನು ‘ಅಲೀವಿಯೇಟ್’ ಮಾಡಬಹುದು ಅಷ್ಟೇ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ಆ ಪದ ಕಲಿಸಿದವರು ನೀವೇ. ಅಂಗಡಿಯಿಂದ ಬರುವಾಗ ನನ್ನ ಚೀಲದ ಒಂದು ಹಿಡಿಕೆ ಹಿಡಿದು, “ಲ್ಯಾಟಿನ್‌ನಲ್ಲಿ ಇದರ ಮೂಲ ಹಗುರ ಅಂತ. ಭಾರ ಹೋಗಲ್ಲ ಮಗಳೇ, ಹೊರೋದು ಸುಲಭ ಆಗುತ್ತೆ” ಎಂದಿದ್ದಿರಿ. ಆಮೇಲೆ ನಮ್ಮನ್ನು ಬಿಟ್ಟು ಹೋದಿರಿ.

“ಹಗುರ ಮಾಡ್ತಾರಂತೆ ಅಮ್ಮ,” ಎಂದೆ.

“ವಾಸಿ ಆಗುತ್ತಂತಾ?”

ಅವಳ ಬಟ್ಟೆಯ ಚೀಲ ಎತ್ತಿಕೊಂಡು ಹೊರಟೆ. ಕಾರಿಡಾರಿನಲ್ಲಿ ಅಮ್ಮ ಕೈ ಚಾಚಿದಳು.

“ಗೊತ್ತಾಯ್ತು ಬಿಡೆ. ಒಂದು ಹಿಡಿಕೆ ಇಲ್ಲಿ ಕೊಡು.”

ಕೊಟ್ಟೆ. ಅದು ನೀವು ಹಿಡಿಯಬೇಕಾಗಿದ್ದ ಕಡೆ, ಅಪ್ಪ.