ಇಪ್ಪತ್ನಾಲ್ಕನೆಯ ತಲೆ

ಪನಾಯ್ ದ್ವೀಪ,
ನವೆಂಬರ್ 17

ನೆನಿತಾ ಅಕ್ಕ,

ಹರಿದು ಬಿಸಾಡುವ ಮೊದಲು ಈ ಕಾಗದವನ್ನು ಪೂರ್ತಿ ಓದಿಬಿಡು. ನಾಳೆ ಠಾಣೆಯಲ್ಲಿ ರೊಹೆಲಿಯೊ ಮೇಲಿನ ದೂರಿಗೆ ಸಹಿ ಹಾಕುತ್ತೀಯಂತೆ. ಹಾಕಬೇಡ. ನಿನ್ನ ಮಗ ಎಲಿಸಿಯೊನನ್ನು ಹೊಳೆಯಲ್ಲಿ ಬಿಟ್ಟು ಬಂದದ್ದು ಆ ಡ್ರೈವರ್ ಅಲ್ಲ, ಮಗುವಿನ ಟೀಚರ್ ಆದ ನಾನು.

ಶನಿವಾರ ಶಾಲೆಯ ಪ್ರವಾಸದಲ್ಲಿ ಜಲಪಾತದ ಹತ್ತಿರ ಮಕ್ಕಳು ಅನ್ನ, ಒಣಮೀನು ತಿಂದು ಮುಗಿಸಿದ್ದರಷ್ಟೇ. ಬೆಟ್ಟದಲ್ಲಿ ಮಳೆಯಾಗಿ ನೀರು ಕೆಂಪಗಾಯಿತು. ಸೀಟಿ ಊದಿದೆ. ಎಲ್ಲರೂ ಚೀರುತ್ತ ರೊಹೆಲಿಯೊನ ಜೀಪ್ನಿ ಗಾಡಿಗೆ ನುಗ್ಗಿದರು. ಮಳೆಗೆ ಪರದೆ ಇಳಿಸಿದ್ದರಿಂದ ಒಳಗೆ ಕತ್ತಲೆ, ಒಬ್ಬರ ತೊಡೆಯ ಮೇಲೆ ಒಬ್ಬರು. ಯಾವಾಗಲೂ ಮಾಡುವ ಹಾಗೆ ತಲೆ ಮುಟ್ಟಿ ಎಣಿಸಿದೆ. ಇಪ್ಪತ್ನಾಲ್ಕು. ಪಟ್ಟಿಗೆ ಸರಿಯಾಗಿತ್ತು.

"ಟೀಚರ್, ಹೆಸರು ಕೂಗಿ ಒಂದ್ಸಲ ನೋಡ್ಬಿಡಿ" ಅಂದ ರೊಹೆಲಿಯೊ.

"ಎಣಿಸೋದು ನೀನು ನಂಗೆ ಹೇಳ್ಕೊಡ್ತೀಯೇನಯ್ಯಾ? ಹೊರಡು ಸಾಕು!" ಎಂದು ಗದರಿದೆ.

ಸೇತುವೆ ದಾಟಿದ ಮೇಲೆ ಒಂದು ಮಗು "ಎಲಿಸಿಯೊ ಎಲ್ಲಿ ಟೀಚರ್?" ಅಂತು. ರೊಹೆಲಿಯೊ ಅಲ್ಲೇ ಗಾಡಿ ತಿರುಗಿಸಿದ. ಬಟ್ಟೆಯಲ್ಲೇ ಪ್ರವಾಹಕ್ಕೆ ಹಾರಿ ಮಗುವನ್ನು ಎಳೆದು ತಂದ. ಅಯ್ಯೋ ಅಕ್ಕ, ಬಂಡೆ ತಬ್ಬಿಕೊಂಡು ಅದೆಷ್ಟು ಹೊತ್ತು ಇದ್ದನೋ, ಉಗುರುಗಳು ಕಿತ್ತುಹೋಗಿದ್ದವು. ತಲೆಯ ಹಿಂಭಾಗ ಒಡೆದಿತ್ತು. ಉಸಿರಿರಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ನಿನ್ನ ಗಂಡ, ತಮ್ಮಂದಿರು ಬಂದರು. "ಮಕ್ಳನ್ನ ನೋಡ್ದೆ ಗಾಡಿ ಬಿಟ್ಯೇನೋ, ಹಡಬೆ ನನ್ಮಗನೇ!" ಎಂದು ಜ್ಯಾಕಿನ ರಾಡಿನಿಂದ ಬಾರಿಸಿದರು. ರೊಹೆಲಿಯೊನ ದವಡೆ ಮುರಿಯಿತು. ಬಾಯಿ ತುಂಬ ರಕ್ತ, ಮಾತು ಹೊರಡದೆ ನನ್ನ ಕಡೆ ಬೆರಳು ಮಾಡಿದ. ನಿನ್ನ ಗಂಡ ಆ ಕೈಯನ್ನೇ ತುಳಿದ. ಮೂಳೆ ಲಟಲಟ ಮುರಿದದ್ದು ನನಗೆ ಕೇಳಿಸಿತು. ನಾನು ಬಾಯಿ ಬಿಡಲಿಲ್ಲ.

"ಹೊರಡು ಅಂದೋರು ಯಾರೇ?" ಎಂದು ನನ್ನ ಕೊರಳು ತಬ್ಬಿ ಕೇಳಿದೆಯಲ್ಲ, ಆಗಲೂ ಬರೀ ಅತ್ತೆ. ಮಗನನ್ನು ಕಳೆದುಕೊಂಡ ನೀನೇ ನನ್ನ ಕಣ್ಣು ಒರೆಸಿದೆ. ಅವನ ಕೆಂಪು ಟೊಪ್ಪಿಗಾಗಿ ಎರಡು ದಿನದಿಂದ ಹೊಳೆಯ ದಡ ಜಾಲಾಡುತ್ತಿದ್ದೀಯ. ನೀರಿಗೆ ಹೋಯಿತು ಎಂದಿದ್ದೆ.

ದವಡೆ, ಕೈ ಮುರಿದ ರೊಹೆಲಿಯೊಗೆ ಮಾತಾಡಲೂ ಬರೆಯಲೂ ಆಗುವುದಿಲ್ಲ, ಅದೇ ನನಗೆ ಧೈರ್ಯವಾಗಿತ್ತು. ಥೂ ನನ್ನ ಜನ್ಮಕ್ಕೆ! ನಾಳೆ ಬೆಳಿಗ್ಗೆ ಠಾಣೆಗೆ ನಾನೂ ಬರುತ್ತೇನೆ. ನಿನ್ನವರು ಅದೇ ರಾಡು ಹಿಡಿದು ಬಂದರೂ ಓಡುವುದಿಲ್ಲ.

ನಿನ್ನ ಕಾಲಿಗೆ ಬೀಳುವ ಮುಖವೂ ಇಲ್ಲದ,
ಮಿಲಾಗ್ರೋಸ್

ತಾ.ಕ.: ಎಣಿಕೆ ಹೇಗೆ ಸರಿಯಾಯಿತೆಂದು ಮೇಲೆ ಬರೆಯಲು ಕೈ ಬರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು, ಪಟ್ಟಿಯಲ್ಲಿಲ್ಲದ ನನ್ನ ಮಗಳು ಲಿಗಾಯಾಳನ್ನೂ ಕರೆದೊಯ್ದಿದ್ದೆ. ಬೆಳಿಗ್ಗೆ ಬಿಸಿಲೆಂದು ಅವಳು ಅತ್ತಾಗ ಎಲಿಸಿಯೊ ತನ್ನ ಟೊಪ್ಪಿ ತೆಗೆದು ಅವಳಿಗೆ ಹಾಕಿದ್ದ. ಕತ್ತಲೆಯಲ್ಲಿ ಅವಳ ತಲೆಯ ಮೇಲಿದ್ದ ಆ ಟೊಪ್ಪಿ ಕೈಗೆ ತಗುಲಿತು. ಎಲಿಸಿಯೊ ಬಂದ ಎಂದುಕೊಂಡು ಮುಂದೆ ಎಣಿಸಿದೆ. ಅಕ್ಕ, ಇನ್ನು ಹೊಳೆಯ ದಡದಲ್ಲಿ ಹುಡುಕಬೇಡ. ಟೊಪ್ಪಿ ಈ ಕಾಗದದ ಜೊತೆಗಿದೆ.